ಬಿಸಿಲು ಬೀಳುವ ಕೋಣೆ

ಮೈತ್ರಿಗೆ ಬೇಕಿದ್ದದ್ದು ಒಂದು ಒಣ ಕೋಣೆ. ಗೋಡೆ ಒಣಗಿರಬೇಕು, ಕಿಟಕಿ ಇರಬೇಕು, ದಿನಕ್ಕಿಷ್ಟು ಬಿಸಿಲು ಒಳಗೆ ಬರಬೇಕು. ಡಾಕ್ಟರು ಕೇಳಿದ್ದು ಅಷ್ಟೇ. ಅಂಥ ಕೋಣೆ ಶಹಾಬಾದದಲ್ಲಿ ಇತ್ತು. ಖಾಲಿಯೂ ಇತ್ತು. ಅದೇ ಮನೆಯ ಹಿಂಭಾಗದಲ್ಲಿ ನಾವು ಮಳೆಗಾಲ ಕಳೆದೆವು. ಮುಂದಿನ ಕೋಣೆಗೆ ಬೀಗ ಹಾಕಿತ್ತು.

ಇದನ್ನು ನಾನು ಸಮಾಧಾನದಿಂದ ಹೇಳಲಾರೆ. ಸಮಾಧಾನ ಬೇಕಾದವರು ಬೇರೆ ಯಾರನ್ನಾದರೂ ಕೇಳಲಿ.

ನಾನು ನಾಗರತ್ನಾ. ಮೈತ್ರಿ ನನ್ನ ಅಣ್ಣ ಸೂರ್ಯಕಾಂತನ ಒಬ್ಬಳೇ ಮಗಳು. ಏಳು ತುಂಬಿತ್ತು. ನಮ್ಮೂರು ಸನ್ನತಿ, ಭೀಮಾ ನದಿಯ ದಂಡೆ. ನಮ್ಮೂರಲ್ಲಿ ನೆಲ ಅಗೆದರೆ ಬುದ್ಧನ ಸ್ತೂಪದ ಹಳೆಯ ಕಲ್ಲುಗಳು ಸಿಗುತ್ತವೆ. ದೂರದ ದೇಶಗಳಿಂದ ಜನ ಬಂದು ಆ ಕಲ್ಲುಗಳ ಮುಂದೆ ಕಣ್ಣು ಮುಚ್ಚಿ ಕೂಡುತ್ತಾರೆ. ಆ ಕಲ್ಲುಗಳ ಮೇಲಿನ ಮಣ್ಣು ಹೊತ್ತವರಲ್ಲಿ ನಮ್ಮಪ್ಪನೂ ಒಬ್ಬ. ಅವನಿಗೆ ಊರಲ್ಲಿ ಕುಡಿಯುವ ನೀರನ್ನು ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ನಾವು ಬೌದ್ಧರಾದೆವು. ಊರು ಮಾತ್ರ ಇದ್ದ ಹಾಗೇ ಇತ್ತು.

ಅಣ್ಣ ಮತ್ತು ನಾನು ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಮಷಿನ್ ಮೇಲೆ ದುಡಿಯುತ್ತೇವೆ. ಕಲ್ಲಿನ ಮೇಲೆ ಮಷಿನ್ ತಿರುಗುತ್ತಿರುತ್ತದೆ, ನೀರು ಸುರಿಯುತ್ತಲೇ ಇರುತ್ತದೆ. ಬಿಳಿ ರಾಡಿ ಹರಿಯುತ್ತದೆ. ಅಣ್ಣ ಮಷಿನ್ ಹಿಡಿಯುತ್ತಾನೆ, ನಾನು ಕಲ್ಲು ಹೊರುತ್ತೇನೆ. ಒಂದೊಂದು ಫರಸಿ ಹೆಗಲ ಮೇಲೆ ಕೂತರೆ ಕತ್ತಿನ ನರ ಎದ್ದು ನಿಲ್ಲುತ್ತದೆ. ಸಂಜೆಗೆ ಕಾಲಬೆರಳ ಸಂದಿ ಬೆಳ್ಳಗೆ ಬೆಂದಿರುತ್ತದೆ. ಈ ತಾಲೂಕಿನ ಮನೆಮನೆಯ ನೆಲ ನಮ್ಮ ಹೆಗಲ ಮೇಲಿಂದ ಹೋದದ್ದು. ಆ ನೆಲದ ಮೇಲೆ ನಮ್ಮನ್ನು ಎಲ್ಲಿಯವರೆಗೆ ಬಿಡಬೇಕು ಎಂದು ಗೆರೆ ಎಳೆಯುವವರು ಬೇರೆ.

ಅಣ್ಣನ ಹೆಂಡತಿ, ನನ್ನ ವೈನಿ ದ್ರೌಪದಿ ಮಗಳೊಂದಿಗೆ ಊರಲ್ಲಿದ್ದಳು. ಮಗುವಿಗೆ ಜ್ವರ ಬಂತು, ಹೋಯಿತು, ಮತ್ತೆ ಬಂತು. ಕಾಲ ಮೇಲೆ ಪೆಟ್ಟಿಲ್ಲದೆ ನೀಲಿ ಕಲೆ ಎದ್ದವು. ಚಿತ್ತಾಪುರಕ್ಕೆ ಹೋದರು. ಅಲ್ಲಿಂದ ಕಲಬುರ್ಗಿಗೆ ಕಳಿಸಿದರು. ಕಲಬುರ್ಗಿಯ ದೊಡ್ಡ ದವಾಖಾನೆಯಲ್ಲಿ ರಕ್ತದ ಕ್ಯಾನ್ಸರ್ ಅಂದರು. ವೈನಿ ಅಲ್ಲೇ ಕುಸಿದು ಕೂತಳು. ಡಾಕ್ಟರ್ ಉಮಾದೇವಿ ಅವಳ ಪಕ್ಕ ನೆಲದ ಮೇಲೇ ಕೂತರು. ಅದನ್ನು ನಾನು ಮರೆಯುವುದಿಲ್ಲ. ಅಂಥವರೂ ಇದ್ದಾರೆ.

"ಅಳಬ್ಯಾಡವ್ವಾ. ಮಕ್ಕಳದು ಈ ರೋಗ ವಾಸಿ ಆಗ್ತದ. ಭಾಳ ಮಕ್ಕಳು ಗುಣ ಆಗಿ ಸಾಲಿಗಿ ಹೋಗ್ಲಿಕತ್ತಾರ. ಆದ್ರ ಔಷಧ ಕೊಟ್ಟ ಮ್ಯಾಲ ಕೆಲವು ದಿನ ಆಕಿ ಮೈಯಾಗ ಕಾವಲು ಇರಂಗಿಲ್ಲ. ರೊಟ್ಟಿ ಮ್ಯಾಲ ಬೂಷ್ಟು ಬರ್ತದಲ್ಲ, ಅದರ ಪುಡಿ ಗಾಳ್ಯಾಗ ಎಲ್ಲಾ ಕಡೆ ಇರ್ತದ. ನಿಮ್ಮ ಎದಿಗಿ ಹೋದ್ರ ಏನೂ ಆಗಲ್ಲ. ಆಕಿ ಎದಿಗಿ ಹೋದ್ರ ಅಲ್ಲೇ ಬೇರು ಬಿಡ್ತದ."

"ಏನ್ ಮಾಡಬೇಕ್ರಿ ಮೇಡಮ್ಮಾರ?" ಅಂದಳು ವೈನಿ.

"ಒಣ ಕೋಣ್ಯಾಗ ಇಡ್ರಿ, ಕಿಟಕಿ ಇರ್ಲಿ, ಬಿಸಲು ಬರ್ಲಿ. ಧೂಳಿ ಬ್ಯಾಡ. ಹಸಿ ಗೋಡಿ ಬ್ಯಾಡ. ಸ್ವಚ್ಛ ಇಡ್ರಿ. ಜ್ವರ ಬಂದ್ರ ಬೆಳಗಾಗ್ಲಿ ಅಂತ ಕಾಯಬ್ಯಾಡ್ರಿ, ಆಗಿಂದಾಗ ಇಲ್ಲಿಗಿ ಕರಕೊಂಡ ಬರ್ರಿ."

ಸನ್ನತಿಯಿಂದ ಆಗಿಂದಾಗ ಬರುವ ಹಾಗಿಲ್ಲ. ಬಸ್ಸು ಬಂದಾಗ ಬಂತು. ಮೊದಲ ಸುತ್ತಿನ ಔಷಧ ಮುಗಿದಿತ್ತು, ದವಾಖಾನೆಯ ಹತ್ತಿರ ಇರಲು ಜಾಗ ಸಿಗಲಿಲ್ಲ. ಅಣ್ಣ ಕೆಲಸ ಬಿಟ್ಟರೆ ಹೊಟ್ಟೆಗಿಲ್ಲ. ಶಹಾಬಾದದಲ್ಲಿ ನಾವಿದ್ದದ್ದು ಪಾಲಿಶ್ ಯಾರ್ಡಿನ ತಗಡಿನ ಶೆಡ್ಡು, ಕಾಲಿಟ್ಟರೆ ರಾಡಿ. ವಾಡಿಯಲ್ಲಿ ಸೋದರಮಾವನ ಮನೆ ಇದೆ, ಅಲ್ಲಿ ಒಗೆದ ಬಟ್ಟೆಯ ಮೇಲೂ ಸಿಮೆಂಟಿನ ಪುಡಿ. ಹಾಗಾಗಿ ಶಹಾಬಾದ ಪೇಟೆಯಲ್ಲೇ ಒಂದು ಒಣ ಕೋಣೆ ಹುಡುಕಲು ಹೊರಟೆವು.

ಕೋಣೆ ಖಾಲಿ ಇದೆ ಎಂದು ಬೋರ್ಡು ಹಾಕಿದ ಮನೆಗಳು ನಮ್ಮ ಮುಖ ನೋಡಿದ ಮೇಲೆ ತುಂಬಿಹೋಗುತ್ತಿದ್ದವು. ಒಬ್ಬರು ಮಗಳ ಬಾಣಂತನ ಅಂದರು. ಇನ್ನೊಬ್ಬರಿಗೆ ಬೀಗರು ಬರುವವರಿದ್ದರು. ಒಬ್ಬ ಮಾತ್ರ ನೇರವಾಗಿ ಹೇಳಿದ, "ನಿಮ್ಮ ಮಂದಿಗಿ ಕೊಡಂಗಿಲ್ಲ." ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಅವನು ಹೊತ್ತು ಕೆಡಿಸಲಿಲ್ಲ.

ಕೊನೆಗೆ ಆಟೋ ಓಡಿಸುವ ಬಂದೇಅಲಿ ಚಾಚಾ ಗುರುಲಿಂಗಯ್ಯ ಮಾಸ್ತರರ ಮನೆ ತೋರಿಸಿದ. ರಿಟೈರಾದ ಮಾಸ್ತರು. ಗಂಡ ಹೆಂಡತಿ ಇಬ್ಬರೇ. ಮುಂದಿನ ಕೋಣೆಗೆ ಮೂಡಲ ಕಿಟಕಿ. ನೆಲಕ್ಕೆ ಹೊಳೆಯುವ ಫರಸಿ. ಗೋಡೆಗೆ ಹೊಸ ಸುಣ್ಣ. ಅಣ್ಣ ಹೋಗಿ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದ. ನಕ್ಕ. ಎಷ್ಟೋ ದಿನಗಳ ನಂತರ ಅವನು ನಕ್ಕದ್ದು ಆವತ್ತು. ಮಾಸ್ತರು ಆಗಲಿ ಅಂದರು. ಮಗುವಿಗೆ ಹುಷಾರಿಲ್ಲ ಎಂದಾಗ "ಅಯ್ಯೋ ಪಾಪ" ಅಂದರು. ಮರುದಿನ ನಾವು ಸಾಮಾನು ತಂದೆವು.

ಆಟೋದಿಂದ ಮೈತ್ರಿಯನ್ನು ಇಳಿಸಿದಾಗ ಮಾಸ್ತರರ ಹೆಂಡತಿ ಶಿವಕಾಂತಮ್ಮ ಹೊಸ್ತಿಲ ಮೇಲೆ ನಿಂತಿದ್ದರು. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಹಿಂದೆ ಗೋಡೆಯ ಮೇಲೆ ಬಸವಣ್ಣನವರ ಪಟ. ಕೂದಲುದುರಿದ ಮಗುವಿನ ತಲೆ ನೋಡಿ ಅವರ ಕಣ್ಣಲ್ಲಿ ನೀರು ಬಂತು. ನಿಜವಾಗಿ ಬಂತು. ಆಮೇಲೆ ಮೆಲ್ಲಗೆ ಕೇಳಿದರು.

"ನಿಮ್ಮ ಮನಿದೇವ್ರು ಯಾವ್ದವಾ?"

ನಮ್ಮ ಕಡೆ ಜಾತಿ ಕೇಳುವುದು ಹೀಗೆ. ಮನೆದೇವರ ಹೆಸರು ಕೇಳುತ್ತಾರೆ. ಹೆಸರು ಬಾಯಿಂದ ಬಿದ್ದ ಕೂಡಲೇ ನಿನ್ನನ್ನು ಯಾವ ಸಾಲಿನಲ್ಲಿ ಕೂಡಿಸಬೇಕು ಎಂದು ಅವರಿಗೆ ಗೊತ್ತಾಗುತ್ತದೆ. ವೈನಿಗೂ ಗೊತ್ತಿತ್ತು. ಸನ್ನತಿಯ ಚಂದ್ರಲಾಂಬೆಯ ಹೆಸರು ಹೇಳಿದ್ದರೆ ಬಹುಶಃ ದಾಟಿಹೋಗುತ್ತಿತ್ತು. ಆದರೆ ವೈನಿಗೆ ಸುಳ್ಳು ಬರುವುದಿಲ್ಲ.

"ನಮಗ ಮನಿದೇವ್ರಿಲ್ರಿ ಅಮ್ಮಾರ. ನಾವು ಬೌದ್ಧರು."

ಶಿವಕಾಂತಮ್ಮ ಹೊಸ್ತಿಲಿಂದ ಹಿಂದೆ ಸರಿದರು. ಒಳಗೆ ಹೋದರು. ಒಳಗೆ ಗುಸುಗುಸು ಆಯಿತು. ನಾವು ಗಂಟು ಮೂಟೆ ಇಟ್ಟುಕೊಂಡು ಓಣಿಯಲ್ಲಿ ನಿಂತೆವು. ಮೈತ್ರಿ ನನ್ನ ಹೆಗಲ ಮೇಲೆ ಮಲಗಿದ್ದಳು. ಫರಸಿಗಿಂತ ಎಷ್ಟು ಹಗುರ ಇದ್ದಳು ಅಂದರೆ ನನಗೆ ಹೆದರಿಕೆ ಆಯಿತು.

ಹೊರಗೆ ಬಂದವರು ಮಾಸ್ತರು. ನೆಲ ನೋಡುತ್ತ ಮಾತಾಡಿದರು.

"ಮುಂದಿನ ಕೋಣಿಗಿ ಬ್ಯಾರೇದವರು ಮೊದ್ಲೇ ಹೇಳಿದ್ರು ಸೂರ್ಯಕಾಂತ, ನನಗ ನೆನಪಿರಲಿಲ್ಲ. ಹಿಂದ ಹಿತ್ಲಾಗ ಒಂದು ಕೋಣಿ ಅದ. ಅದನ್ನ ತಗೋರಿ. ನನಗೇನೂ ಭೇದ ಇಲ್ಲಪಾ. ಮನ್ಯಾನ ಹೆಣಮಕ್ಕಳು, ಗೊತ್ತಲ್ಲ."

ಮಾಸ್ತರು ಊರಲ್ಲಿ ಬಸವ ಜಯಂತಿಗೆ ಭಾಷಣ ಮಾಡುವವರು. ಎಲ್ಲರೂ ಒಂದೇ ಎಂದು ಮೈಕಿನಲ್ಲಿ ಹೇಳುವವರು. ಮೈಕಿಗೆ ಒಂದು ದನಿ, ಹೊಸ್ತಿಲಿಗೆ ಒಂದು ದನಿ.

ಹಿತ್ತಲ ಕೋಣೆ ತೊಗರಿ ಹೊಟ್ಟು ತುಂಬಲು ಕಟ್ಟಿದ್ದು. ಕಿಟಕಿ ಇಲ್ಲ, ಮೇಲೆ ಒಂದು ಗವಾಕ್ಷಿ. ಹೊಟ್ಟಿನ ವಾಸನೆ ಇನ್ನೂ ಇತ್ತು. ಇಡೀ ಶಹಾಬಾದಕ್ಕೆ ಕಲ್ಲಿನ ನೆಲ, ಗಟಾರಕ್ಕೂ ಫರಸಿ. ಆ ಕೋಣೆಗೆ ಮಾತ್ರ ಮಣ್ಣಿನ ನೆಲ. ಅದರ ಒಂದು ಗೋಡೆಯ ಆಚೆಗೆ ಅವರ ದೇವರ ಕೋಣೆ. ಅದಕ್ಕೇ ಶಿವಕಾಂತಮ್ಮ ಒಂದು ಕರಾರು ಹಾಕಿದರು.

"ದಿನಾ ಮುಂಜಾನೆ ಶೆಗಣಿಲೆ ಸಾರಸಬೇಕವಾ. ಗೋಡಿಗಿನೂ ಮೊಳದ ಎತ್ತರ ತನಕ ಸಾರಸ್ರಿ. ಗೋಡಿ ಆಚಿ ದೇವರದಾನ. ಶೆಗಣಿ ನಾ ಕೊಡಸ್ತೀನಿ. ನಿಮ್ಮ ಕೂಸಿಗೂ ಚಲೋ, ಕ್ರಿಮಿ ಸಾಯ್ತಾವ."

"ಬ್ಯಾಡ ವೈನಿ, ಹೋಗೋಣ ನಡಿ," ಅಂದೆ ನಾನು.

"ಎಲ್ಲಿಗಿ?" ಅಂದಳು ವೈನಿ. ಎರಡು ದಿನ ಬಿಟ್ಟು ಮತ್ತೆ ಔಷಧ ಏರಿಸುವುದಿತ್ತು. ಮಳೆ ಶುರುವಾಗಿತ್ತು. ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಟ್ಟಿನ ಕಸ ಬಳಿಯತೊಡಗಿದಳು.

ಅವಳು ದುಡಿದದ್ದನ್ನು ನಾನು ಕಂಡಿದ್ದೇನೆ. ಜೇಡದ ಬಲೆ ತೆಗೆದಳು. ಗೋಡೆಯ ಬುಡದಲ್ಲಿ ಕರ್ರಗೆ ಬೂಷ್ಟು ಕೂತಿತ್ತು, ಅದನ್ನು ತೆಂಗಿನ ಜುಂಗಿನಿಂದ ಉಜ್ಜಿ ಉಜ್ಜಿ ಉಗುರು ಸವೆಸಿಕೊಂಡಳು. ಸುಣ್ಣ ಹಚ್ಚಿದಳು. ನೀರು ಕುದಿಸಿ ಆರಿಸಿದಳು. ಮಗಳ ತಟ್ಟೆ ಲೋಟ ಬಿಸಿನೀರಲ್ಲಿ ಅದ್ದಿದಳು. ಮತ್ತು ದಿನಾ ಮುಂಜಾನೆ, ಮಗಳು ಏಳುವುದಕ್ಕೆ ಮೊದಲು, ಮೊಣಕಾಲೂರಿ ಕೂತು ಹಸಿ ಸಗಣಿಯಿಂದ ನೆಲ ಸಾರಿಸಿದಳು. ಗೋಡೆ ಸಾರಿಸಿದಳು. ಡಾಕ್ಟರು ಸ್ವಚ್ಛ ಇಡು ಅಂದಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಸ್ವಚ್ಛ ಅಂದರೆ ಸಾರಿಸಿದ ನೆಲ. ಅವಳ ಅವ್ವನೂ ಹಾಗೇ, ಅವ್ವನ ಅವ್ವನೂ ಹಾಗೇ. ಹೊರಗೆ ಮಳೆ, ಒಳಗೆ ಬಿಸಿಲಿಲ್ಲ. ನೆಲ ಸಂಜೆಯಾದರೂ ಆರುತ್ತಿರಲಿಲ್ಲ. ಉಜ್ಜಿ ತೆಗೆದ ಜಾಗದಲ್ಲೇ ಬೂಷ್ಟು ಮತ್ತೆ ಬರುತ್ತಿತ್ತು. ಬಂದಾಗ ಅವಳು ಇನ್ನಷ್ಟು ಗಟ್ಟಿಯಾಗಿ ಸಾರಿಸುತ್ತಿದ್ದಳು.

ಅಣ್ಣ ಮತ್ತೊಮ್ಮೆ ಮಾಸ್ತರರನ್ನು ಕೇಳಿದ. ಮುಂದಿನ ಕೋಣೆಗೆ ಯಾರೂ ಬಂದಿರಲಿಲ್ಲ.

"ಆ ಮಂದಿ ಬರೋತನಕ ಕೊಡ್ರಿ ಸರ. ಕೂಸು ಹಸ್ಯಾಗ ಮಲಗಲಿಕತ್ತದ."

"ವಿಚಾರ ಮಾಡ್ತೀನಪಾ, ವಿಚಾರ ಮಾಡ್ತೀನಿ," ಅಂದರು ಮಾಸ್ತರು. ಪೇಪರು ಮುಖಕ್ಕೆ ಅಡ್ಡ ಹಿಡಿದರು.

ಅಣ್ಣ ಹಿಂದೆ ಬಂದು ಗೋಡೆಗೆ ತಲೆ ಆನಿಸಿ ನಿಂತ. ಅವನು ಜಗಳದವನಲ್ಲ. ಇಡೀ ದಿನ ಮಷಿನ್ ಕೈ ನಡುಗಿಸಿದ ಮೇಲೆ ಮನುಷ್ಯನಲ್ಲಿ ಜಗಳಕ್ಕೆ ಏನು ಉಳಿದಿರುತ್ತದೆ?

ಮೈತ್ರಿ ಒಳ್ಳೆ ಮಾತುಗಾರ್ತಿ. ಕೂದಲು ಹೋದದ್ದಕ್ಕೆ ಅತ್ತಿದ್ದು ಒಂದೇ ದಿನ. ಆಮೇಲೆ ನನ್ನ ಜಡೆ ಹಿಡಿದು, "ಅತ್ತಿ, ಅರ್ಧ ನನಗ ಕೊಡು," ಅನ್ನುತ್ತಿದ್ದಳು. ಒಮ್ಮೆ ಹಿತ್ತಲಿಂದ ಮುಂದಿನ ಅಂಗಳಕ್ಕೆ ನಡೆದು ಹೋಗಿ ಕಿಟಕಿಯಿಂದ ಆ ಕೋಣೆಯೊಳಗೆ ಇಣುಕಿ ಬಂದಳು.

"ಅತ್ತಿ, ಆ ಕೋಣ್ಯಾಗ ಹಪ್ಪಳ ಮಲಗ್ಯಾವ."

ನಾನು ಹೋಗಿ ನೋಡಿದೆ. ಹೌದು. ಹೊಳೆಯುವ ಫರಸಿಯ ಮೇಲೆ ಬಿಳಿ ಧೋತರ ಹಾಸಿ, ಅದರ ಮೇಲೆ ಸಾಲಾಗಿ ಹಪ್ಪಳ, ಸಂಡಿಗೆ. ಒಂದು ಮೂಲೆಗೆ ಕೆಂಪು ಮೆಣಸಿನಕಾಯಿ. ಮೂಡಲ ಕಿಟಕಿಯಿಂದ ಅಷ್ಟಿಷ್ಟು ಬಿಸಿಲು ಅವುಗಳ ಮೇಲೆ ಬಿದ್ದಿತ್ತು. ಅಷ್ಟರಲ್ಲಿ ಶಿವಕಾಂತಮ್ಮ ಬಂದರು.

"ಏನ್ ನೋಡ್ಲಿಕತ್ತೀ ನಾಗರತ್ನಾ?"

"ಹಪ್ಪಳ ಯಾಕ ಇಲ್ಲಿ ಹಾಕೀರಿ ಅಮ್ಮಾರ?"

"ಮಳಿಗಾಲ ಅಲ್ಲೇನವಾ. ಬ್ಯಾರೆ ಕಡೆ ಇಟ್ರ ಬೂಷ್ಟು ಹಿಡಿತಾವ."

ಅವರು ಕುಹಕಕ್ಕೆ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು. ಅದೇ ನನ್ನ ಎದೆ ಸುಟ್ಟದ್ದು. ಹಪ್ಪಳಕ್ಕೆ ಬೂಷ್ಟು ಹಿಡಿಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಪ್ಪಳಕ್ಕೆ ಜಾಗ ಮಾಡಿಕೊಟ್ಟರು. ಹಿಂದಿನ ಗೋಡೆಯ ಆಚೆ ಒಂದು ಮಗು ಉಸಿರಾಡುತ್ತಿದೆ ಎನ್ನುವುದು ಅವರ ಲೆಕ್ಕಕ್ಕೇ ಬರಲಿಲ್ಲ.

"ನಮ್ಮ ಕೂಸಿಗೂ ಹಿಡಿತದ್ರಿ. ಡಾಕ್ಟರ್ ಹೇಳ್ಯಾರ."

"ಏನಂತಿ? ಮನಷ್ಯಾರಿಗಿ ಬೂಷ್ಟು ಹಿಡಿತದೇನು?" ಅಂದರು. ನಕ್ಕರು. ನಾನು ಮತ್ತೆ ವಿವರಿಸಿದೆ. ಕೈ ಮುಗಿದೆ. ಹಪ್ಪಳವನ್ನೆಲ್ಲ ನಾನೇ ಎತ್ತಿ ಒಲೆಯ ಮುಂದೆ ಒಣಗಿಸಿ ಕೊಡುತ್ತೇನೆ ಅಂದೆ. ಅವರ ಮುಖ ಬಿಗಿಯಿತು.

"ನೀ ಮುಟ್ಟಿದ ಮ್ಯಾಲ ಅವು ತಿನ್ನಾಕ ಬರ್ತಾವೇನ?"

ಬಾಯಿಂದ ಬಂದ ಮೇಲೆ ಅವರಿಗೇ ಇರಿಸುಮುರಿಸಾಯಿತು. ಸೆರಗು ಸರಿಮಾಡಿಕೊಂಡು ಒಳಗೆ ಹೋದರು. ನಾನು ಕಿಟಕಿಯ ಸರಳು ಹಿಡಿದು ನಿಂತೆ. ಕಲ್ಲು ಹೊತ್ತ ಕೈ ನನ್ನದು, ಆ ಬೀಗ ಮುರಿಯಲು ಒಂದು ಏಟು ಸಾಕಿತ್ತು. ಮುರಿದರೆ ಪೊಲೀಸರು ಬರುತ್ತಾರೆ, ಬಂದರೆ ಅಣ್ಣನನ್ನು ಒಯ್ಯುತ್ತಾರೆ, ಮಗುವಿನ ಔಷಧ ತಪ್ಪುತ್ತದೆ. ಹೀಗೆ ಎಣಿಸಿ ಎಣಿಸಿಯೇ ನಮ್ಮ ಕೈ ಯಾವಾಗಲೂ ಕೆಳಗಿಳಿಯುತ್ತದೆ.

ಜ್ವರ ಬಂದದ್ದು ಸಂಜೆಯ ಹೊತ್ತಿಗೆ. ವೈನಿ ಹಣೆ ಮುಟ್ಟಿದವಳೇ ಓಣಿಗೆ ಓಡಿದಳು. ಬಂದೇಅಲಿ ಚಾಚಾ ಉಣ್ಣುತ್ತಿದ್ದವನು ಕೈ ತೊಳೆದು ಎದ್ದ. ಮಳೆಯಲ್ಲಿ ಕಲಬುರ್ಗಿಯವರೆಗೆ ಆಟೋ ಓಡಿಸಿದ. ದಾರಿಯುದ್ದಕ್ಕೂ "ಯಾ ಅಲ್ಲಾ" ಅನ್ನುತ್ತಿದ್ದ. ವೈನಿ ಬುದ್ಧನನ್ನು ನೆನೆಯುತ್ತಿದ್ದಳು. ನಾನು ಯಾರನ್ನೂ ನೆನೆಯಲಿಲ್ಲ.

ಔಷಧ ಕೊಟ್ಟರು. ಜ್ವರ ಇಳಿಯಲಿಲ್ಲ. ಬೇರೆ ಔಷಧ ಕೊಟ್ಟರು. ಇಳಿಯಲಿಲ್ಲ. ಮೈತ್ರಿ ಕೆಮ್ಮುವಾಗ ಎದೆ ಹಿಡಿದುಕೊಳ್ಳುತ್ತಿದ್ದಳು. ಡಾಕ್ಟರ್ ಉಮಾದೇವಿ ಎದೆಯ ಸ್ಕ್ಯಾನ್ ಮಾಡಿಸಿದರು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮನ್ನು ಕರೆದರು.

"ಎದ್ಯಾಗ ಬೂಷ್ಟಿನ ಸೋಂಕು ಆಗ್ಯಾದ. ಎಂಥ ಮನ್ಯಾಗ ಇಟ್ಟೀರಿ ಆಕಿಗಿ?"

ಅಣ್ಣ ಹೇಳಿದ. ಹೊಟ್ಟಿನ ಕೋಣೆ, ಮಣ್ಣಿನ ನೆಲ.

"ಶೆಗಣಿ ಸಾರಸ್ತಿದ್ರೇನು?"

"ಹೌದ್ರಿ. ದಿನಾ," ಅಂದಳು ವೈನಿ. ಸ್ವಲ್ಪ ಹೆಮ್ಮೆಯಿಂದಲೇ ಅಂದಳು. ತಾನು ತಪ್ಪಿಸಲಿಲ್ಲ ಎಂದು ಡಾಕ್ಟರಿಗೆ ಗೊತ್ತಾಗಲಿ ಎಂದು.

ಡಾಕ್ಟರ್ ಕಣ್ಣು ಮುಚ್ಚಿದರು. ತೆರೆದು ನಿಧಾನಕ್ಕೆ ಮಾತಾಡಿದರು. "ಇದರಿಂದನ ಬಂತು ಅಂತ ನಾ ಹೇಳಂಗಿಲ್ಲವ್ವಾ. ಎಲ್ಲಿಂದರ ಬರಬಹುದು. ದವಾಖಾನ್ಯಾಗಿಂದನೂ ಬರ್ತದ. ಆದ್ರ ಹಸಿ ಶೆಗಣಿ, ಹೊಟ್ಟು, ಹಸಿ ಗೋಡಿ, ಇವು ಮೂರೂ ಬೂಷ್ಟಿನ ಮನಿ. ನಾ ಆವತ್ತೇ ಬಿಡಿಸಿ ಹೇಳಬೇಕಿತ್ತು. ನನಗ ಹೊಳೀಲಿಲ್ಲ."

ವೈನಿ ತನ್ನ ಎರಡೂ ಅಂಗೈ ಎದುರು ಹಿಡಿದು ನೋಡಿದಳು. ಆಮೇಲೆ ದವಾಖಾನೆಯ ನಲ್ಲಿಯ ಕೆಳಗೆ ಕೈ ಇಟ್ಟು ತೊಳೆಯತೊಡಗಿದಳು. ತೊಳೆಯುತ್ತಲೇ ಇದ್ದಳು. ನಾನು ಹಿಂದಿನಿಂದ ಹಿಡಿದು ಎಳೆಯಬೇಕಾಯಿತು.

"ನನ್ನ ಕೈಲೇ ಮಾಡೀನಿ ನಾಗರತ್ನಾ. ನನ್ನ ಕೈಲೇ."

"ನಿನ್ನ ಕೈ ಅಲ್ಲ ವೈನಿ. ಸಾರಸ್ರಿ ಅಂತ ಹಠ ಹಿಡದಾಕಿ ಯಾರು? ಬಿಸಿಲ ಕೋಣಿಗಿ ಬೀಗ ಹಾಕ್ದಾವ್ರು ಯಾರು?"

ಅವಳಿಗೆ ಅದು ಕೇಳಿಸಲಿಲ್ಲ. ತಾಯಿಗೆ ಬೇರೆಯವರ ತಪ್ಪು ಕಾಣಿಸುವುದಿಲ್ಲ. ಅದೂ ಒಂದು ಅನ್ಯಾಯ.

ಬೂಷ್ಟಿನ ಔಷಧವನ್ನು ಬೆಳಕು ತಾಗದ ಹಾಗೆ ಬಾಟಲಿಗೆ ಕಾಗದ ಸುತ್ತಿ ಏರಿಸುತ್ತಿದ್ದರು. ಅದು ಮೈಗೆ ಇಳಿಯುವಾಗ ಮೈತ್ರಿ ಗಡಗಡ ನಡುಗುತ್ತಿದ್ದಳು. ಹಲ್ಲು ಕಟಕಟ ಅನ್ನುತ್ತಿದ್ದವು. ಎರಡು ಕಂಬಳಿ ಹೊದಿಸಿ, ಮೇಲೆ ನಾನು ತಬ್ಬಿ ಮಲಗುತ್ತಿದ್ದೆ. ನಡುಕ ನಿಂತ ಮೇಲೆ ಅವಳು ಕೇಳಿದಳು.

"ಅತ್ತಿ, ಮನಿಗಿ ಯಾವಾಗ ಹೋಗಮು?"

"ಯಾವ ಮನಿಗಿ?"

"ಹಪ್ಪಳದ ಕೋಣಿಗಿ," ಅಂದಳು. "ಅಲ್ಲಿ ಬಿಸಲದ."

ಡಾಕ್ಟರಿಗೂ ಆಸೆ ಇತ್ತು. ಜ್ವರ ಸ್ವಲ್ಪ ಇಳಿಯಿತು. ಇನ್ನೊಂದಿಷ್ಟು ದಿನ ಹೀಗೇ ಹೋದರೆ ಮನೆಗೆ ಕಳಿಸಬಹುದು, ಆದರೆ ಒಣ ಕೋಣೆ ಇದ್ದರೆ ಮಾತ್ರ ಅಂದರು. ನಾನು ಬಟ್ಟೆ ತರುವ ನೆಪದಲ್ಲಿ ಶಹಾಬಾದಕ್ಕೆ ಹೋದೆ. ಶಿವಕಾಂತಮ್ಮನ ಎದುರು ನಿಂತು ಎಲ್ಲ ಹೇಳಿದೆ. ಸ್ಕ್ಯಾನಿನ ವಿಷಯ, ಸಗಣಿಯ ವಿಷಯ. ಅವರು ಬಿಳಿಚಿಕೊಂಡರು. ಗೋಡೆ ಹಿಡಿದು ಕೂತರು. ಮಾಸ್ತರರ ಕಡೆ ನೋಡಿದರು. ಮಾಸ್ತರು ಮತ್ತೆ ದಿನ ಮುಂದೂಡಿದರು.

"ಮಗಳಿಗಿ ಕೇಳಬೇಕು. ಆಕಿ ಪಂಚಮಿಗಿ ಬರ್ತಾಳ. ಅಷ್ಟರಾಗ ನೋಡಮು."

ಬೇರೆ ಯಾರಿಗೋ ಹೇಳಿದ ಕೋಣೆ ಈಗ ಮಗಳ ಕೋಣೆಯಾಗಿತ್ತು. ನಾನು ಬಟ್ಟೆ ತೆಗೆದುಕೊಂಡು ತಿರುಗಿ ಬಂದೆ.

ಪಂಚಮಿ ಬರಲಿಲ್ಲ. ಅದಕ್ಕೂ ಮೊದಲೇ ಒಂದು ಮುಂಜಾನೆ ಮೈತ್ರಿ ಕೆಮ್ಮಿದಳು. ಬಾಯಿಂದ ರಕ್ತ ಬಂತು. ಬಂದದ್ದು ನಿಲ್ಲಲಿಲ್ಲ. ಡಾಕ್ಟರು ಓಡಿ ಬಂದರು, ನರ್ಸಮ್ಮಗಳು ಓಡಿ ಬಂದರು. ನಮ್ಮನ್ನು ಪರದೆಯ ಈಚೆ ನಿಲ್ಲಿಸಿದರು. ಪರದೆಯ ಕೆಳಗೆ ಅವರ ಕಾಲುಗಳು ಓಡಾಡುವುದು ಕಾಣುತ್ತಿತ್ತು. ಆಮೇಲೆ ಕಾಲುಗಳು ನಿಂತವು.

ಕ್ಯಾನ್ಸರು ಅವಳನ್ನು ಕೊಲ್ಲಲಿಲ್ಲ. ಅದು ಇಳಿಯುತ್ತಿತ್ತು ಎಂದು ಡಾಕ್ಟರೇ ಹೇಳಿದರು. ಹೇಳುವಾಗ ಅವರೂ ಅತ್ತರು.

ಕಲಬುರ್ಗಿಯಿಂದ ಸನ್ನತಿಗೆ ಹೋಗುವ ದಾರಿ ಶಹಾಬಾದದ ಮೇಲೇ ಹಾಯುತ್ತದೆ. ಮೈತ್ರಿಯ ಬಿಳಿ ಫ್ರಾಕು ಹಿತ್ತಲ ಕೋಣೆಯ ಪೆಟ್ಟಿಗೆಯಲ್ಲಿತ್ತು, ಬುದ್ಧಪೂರ್ಣಿಮೆಗೆ ತಂದದ್ದು. ಅದನ್ನೇ ಹಾಕಿ ಮಣ್ಣು ಮಾಡಬೇಕು ಎಂದಳು ವೈನಿ. ಅಂಬುಲೆನ್ಸು ಮಾಸ್ತರರ ಮನೆಯ ಮುಂದೆ ನಿಂತಿತು. ಮಳೆ ಧೋ ಎಂದು ಸುರಿಯುತ್ತಿತ್ತು. ಸುದ್ದಿ ನಮಗಿಂತ ಮೊದಲೇ ಓಣಿಗೆ ಮುಟ್ಟಿತ್ತು, ಬಂದೇಅಲಿ ಚಾಚಾ ಅಲ್ಲಿಗೇ ಬಂದಿದ್ದ. ನಾನು ಇಳಿದು ಹಿಂದೆ ಹೋಗಿ ಫ್ರಾಕು ತಂದೆ.

ತಿರುಗಿ ಬರುವಷ್ಟರಲ್ಲಿ ಓಣಿಯ ಮಂದಿ ಸೇರಿದ್ದರು. ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಹಪ್ಪಳ ಎಲ್ಲ ತೆಗೆದು ನೆಲ ಒರೆಸಿದ್ದರು. ನಡುವೆ ಹೊಸ ಚಾಪೆ, ತಲೆಯ ಕಡೆ ಒಂದು ದೀಪ. ಶಿವಕಾಂತಮ್ಮ ಮಳೆಯಲ್ಲೇ ನಿಂತು ಅಳುತ್ತಿದ್ದರು.

"ಒಳಗ ಕರಕೊಂಡ ಬಾರವಾ ದ್ರೌಪದಿ. ಬೀದ್ಯಾಗ ಬ್ಯಾಡ. ಇಲ್ಲೇ ಮಲಗಸು, ಇಲ್ಲೇ ಮೈ ತೊಳಿ. ನಮ್ಮಾಗ ಸೂತಕ ಇಲ್ಲವಾ. ಸಾವಿಗಿ ಮೈಲಿಗಿ ಅನ್ನಲ್ಲ ನಾವು."

ಅವರ ಧರ್ಮದಲ್ಲಿ ಹಾಗಿದೆ. ಸತ್ತರೆ ಸೂತಕವಿಲ್ಲ. ದೊಡ್ಡ ಮಾತು. ನಾನು ಅದನ್ನು ಅಲ್ಲಗಳೆಯುವುದಿಲ್ಲ.

ಅಂಬುಲೆನ್ಸಿನ ಒಳಗೆ ವೈನಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ತೆರೆದ ಬಾಗಿಲಿಂದ ಆ ಕೋಣೆಯನ್ನು ನೋಡಿದಳು. ಒಣ ಗೋಡೆ, ಒಣ ನೆಲ. ಎಷ್ಟೋ ಹೊತ್ತು ನೋಡಿದಳು.

"ಸತ್ತೋರಿಗಿ ಮೈಲಿಗಿ ಇಲ್ಲಂದ್ರಿ. ಉಸರ ಇದ್ದಾಗ ಇತ್ತೇನ್ರಿ ಅಮ್ಮಾರ?"

ಮಾಸ್ತರು ಮುಂದೆ ಬಂದು, "ಹಂಗಲ್ಲವಾ ತಂಗಿ, ತಪ್ಪ ತಿಳಕೋಬ್ಯಾಡ," ಅಂದರು. ವೈನಿ ಅವರತ್ತ ನೋಡಲೂ ಇಲ್ಲ. ಅಣ್ಣ ತೊಯ್ದು ತೊಪ್ಪೆಯಾಗಿದ್ದ. "ಹೋಗಲಿ ದ್ರೌಪದಿ," ಅಂದ. "ಕೂಸಿಗಿ ಫ್ರಾಕು ಹಾಕಾಕ ಮಾತ್ರ. ಒಂದ್ ಗಳಿಗಿ."

"ಇಲ್ಲ," ಅಂದಳು ವೈನಿ.

ಅವಳು ಅಣ್ಣನಿಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಕೋಣಿ ಬ್ಯಾಡ್ರಿ ಅಮ್ಮಾರ. ಬೇಕಾದಾಗ ಕೇಳೀವಿ. ಕೈ ಮುಗದೀವಿ. ಈಗ ಆಕಿಗಿ ಎಲ್ಲಿ ಮಲಗಸಿದ್ರೂ ಬೂಷ್ಟು ಏನೂ ಮಾಡಲ್ಲ. ನಿಮ್ಮ ಕಣ್ಣೀರಿಗಿ ನನ್ನ ಮಗಳ ಹೆಣ ಒಳಗ ತರಂಗಿಲ್ಲ ನಾ. ದೂರ ಸರೀರಿ."

ಅಂಬುಲೆನ್ಸಿನ ಒಳಗೆ ಜಾಗ ಸಾಲುತ್ತಿರಲಿಲ್ಲ. ವೈನಿ ಮಗಳನ್ನು ಎತ್ತಿಕೊಂಡು ಇಳಿದು, ಅವರ ಹೊಸ್ತಿಲಿನ ಎದುರೇ ಬೀದಿಯ ಫರಸಿಯ ಮೇಲೆ ಕೂತಳು. ಬಂದೇಅಲಿ ಚಾಚಾ ಆಟೋದ ತಾಡಪತ್ರಿ ಬಿಚ್ಚಿ ತಂದ. ಅವನು ಒಂದು ಕಡೆ, ನಾನು ಒಂದು ಕಡೆ ಹಿಡಿದು ನಿಂತೆವು. ಅದರ ಕೆಳಗೆ ವೈನಿ ಮಗಳ ಬಾಯಿಯ ಬದಿಯ ರಕ್ತ ಒರೆಸಿದಳು. ಬಿಳಿ ಫ್ರಾಕು ಹಾಕಿದಳು. ಗುಂಡಿ ಒಂದೊಂದಾಗಿ ಹಾಕಿದಳು. ಇಡೀ ಓಣಿ ನೋಡುತ್ತ ನಿಂತಿತು. ನೋಡಲಿ ಎಂದೇ ಅವಳು ಅಲ್ಲಿ ಕೂತದ್ದು.

ಸನ್ನತಿಗೆ ಮುಟ್ಟಿದಾಗ ಮಳೆ ನಿಂತಿತ್ತು. ಹೊಳೆಯ ಕಡೆಯ ನಮ್ಮ ಜಾಗದಲ್ಲಿ ಕುಣಿ ತೋಡಿ ಇಟ್ಟಿದ್ದರು. ಬುದ್ಧವಂದನೆ ಮುಗಿಯಿತು. ಅಣ್ಣ ಮಗಳನ್ನು ಎತ್ತಿಕೊಂಡ. ಆಗ ವೈನಿ ಎಲ್ಲರನ್ನೂ ಸರಿಸಿ ಕುಣಿಯೊಳಗೆ ಇಳಿದಳು. ಹೆಂಗಸರು ಇಳಿಯುವ ರೂಢಿ ಇಲ್ಲ. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ಅವಳು ಕುಣಿಯ ಗೋಡೆಗೆ ಅಂಗೈ ಇಟ್ಟಳು. ನೆಲಕ್ಕೆ ಇಟ್ಟಳು. ಕೈಗೆ ಹಸಿ ಮಣ್ಣು ಮೆತ್ತಿತು.

ತಲೆ ಎತ್ತಿ ನಮ್ಮನ್ನು ನೋಡಿದಳು. ಬೀದಿಯಲ್ಲಿ ಗಟ್ಟಿಯಾಗಿ ಮಾತಾಡಿದವಳ ದನಿ ಈಗ ಮಗುವಿನ ಹಾಗಿತ್ತು.

"ಹಸಿ ಅದ," ಅಂದಳು. "ಇಲ್ಲೀನೂ ಹಸಿ ಅದ. ಹ್ಯಾಂಗ ಮಲಗಸ್ಲಿ?"

ಅಣ್ಣ ಹೆಣ ಎತ್ತಿಕೊಂಡೇ ನಿಂತಿದ್ದ. ಆಮೇಲೆ ಮುದುಕಿ ಬಷೀರಾ, ನಮ್ಮ ಕೇರಿಯ ಪಕ್ಕದ ಮನೆಯವಳು, ತನ್ನ ಮನೆಯ ಕಡೆ ನಡೆದಳು. ಬುಟ್ಟಿಯಲ್ಲಿ ತನ್ನ ಒಲೆಯ ಬದಿಯ ಬೆಚ್ಚನೆಯ ಒಣ ಮಣ್ಣು ಕೆದರಿ ತಂದಳು. ಅವಳನ್ನು ನೋಡಿ ಇನ್ನೊಬ್ಬಳು ಹೋದಳು. ಗಂಡಸರೂ ಹೋದರು. ಕೇರಿಯವರೆಲ್ಲ ತಮ್ಮ ತಮ್ಮ ಮನೆಯೊಳಗಿನ ನೆಲ ಅಗೆದು, ಮಂಚದ ಕೆಳಗಿಂದ, ಕಾಳಿನ ಚೀಲದ ಕೆಳಗಿಂದ ಒಣ ಮಣ್ಣು ತೆಗೆದು, ಬುಟ್ಟಿಯಲ್ಲಿ, ಸೆರಗಿನಲ್ಲಿ, ತಟ್ಟೆಯಲ್ಲಿ ತಂದರು. ವೈನಿ ಕುಣಿಯೊಳಗೆ ಕೂತು ಎರಡೂ ಕೈಯಿಂದ ಅದನ್ನು ಹರವಿದಳು. ಮತ್ತೆ ಮತ್ತೆ ಮುಟ್ಟಿ ನೋಡಿದಳು. ಸಾಲದು ಅಂದಳು. ಮತ್ತೆ ತಂದೆವು.

ಸಾಕು ಎಂದು ಅವಳು ಕೈ ಚಾಚುವವರೆಗೆ ಅಣ್ಣ ಮಗಳನ್ನು ಕೆಳಗೆ ಕೊಡಲಿಲ್ಲ.